ಸರಾಸರಿ ಇಳಿಯಿತು, ಅಂತರ ಇಳಿಯಿತಾ? ಸಮುದಾಯದ ಜೊತೆ ಆರೋಗ್ಯ ಕಾರ್ಯಕ್ರಮ ರೂಪಿಸುವ ಟಿಪ್ಪಣಿ

ಈ ಪಾಠದಲ್ಲಿ ನಾನು ಎರಡು ದಿನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮರೆಯುವ ಮೊದಲು ಅದನ್ನೇ ಬರೆದಿಡುತ್ತೇನೆ.

ಕಾರ್ಯಕ್ರಮದಿಂದ ಕಾಯಿಲೆ ಕಡಿಮೆಯಾದರೆ ಅಸಮಾನತೆಯೂ ಕಡಿಮೆಯಾದಂತೆ ಅಂದುಕೊಂಡಿದ್ದೆ. ಹಾಗಲ್ಲ. ಒಂದು ಊಹೆಯ ಲೆಕ್ಕ ನೋಡಿ. ಅನುಕೂಲ ಇರುವ ಗುಂಪಿನಲ್ಲಿ 1000 ಜನರಿಗೆ 40 ಮಂದಿಗೆ ಕಾಯಿಲೆ. ಅನುಕೂಲ ಇಲ್ಲದ ಗುಂಪಿನಲ್ಲಿ 80. ಕಾರ್ಯಕ್ರಮ ಮುಗಿದ ಮೇಲೆ ಇದು 20 ಮತ್ತು 50ಕ್ಕೆ ಬಂತು. ಎರಡೂ ಕಡೆ ಒಳ್ಳೆಯದೇ ಆಗಿದೆ, ಅಲ್ವಾ?

ಕಳೆದು ನೋಡಿ. ಮೊದಲು 80ರಲ್ಲಿ 40 ಹೋದರೆ 40. ಈಗ 50ರಲ್ಲಿ 20 ಹೋದರೆ 30. ಅಂತರ ಕುಗ್ಗಿದೆ.

ಭಾಗಿಸಿ ನೋಡಿ. ಮೊದಲು 2 ಪಟ್ಟು. ಈಗ 2.5 ಪಟ್ಟು. ಅಂತರ ಜಾಸ್ತಿಯಾಗಿದೆ!

ಯಾವುದು ಸರಿ ಅಂತ ನಾನು ಹುಡುಕುತ್ತಲೇ ಇದ್ದೆ. ಎರಡೂ ಸರಿ. ಕಳೆಯುವ ಲೆಕ್ಕ ಎಷ್ಟು ಜನರ ಮೇಲೆ ಹೆಚ್ಚುವರಿ ಹೊರೆ ಉಳಿದಿದೆ ಅಂತ ಹೇಳುತ್ತದೆ. ಭಾಗಿಸುವ ಲೆಕ್ಕ ಯಾರು ವೇಗವಾಗಿ ಮುಂದೆ ಹೋದರು ಅಂತ ಹೇಳುತ್ತದೆ. ಅನುಕೂಲ ಇದ್ದವರಿಗೆ ಶೇ. 50 ಇಳಿಕೆ, ಇಲ್ಲದವರಿಗೆ ಶೇ. 37.5 ಮಾತ್ರ. ಹಾಗಾಗಿ ವರದಿಯಲ್ಲಿ ಎರಡನ್ನೂ ಬರೆಯಬೇಕು.

ನನಗೆ ಇಷ್ಟವಾದ ಅಡ್ಡದಾರಿ ಇದು: ಹಿಂದುಳಿದ ಗುಂಪಿನ ಶೇಕಡಾ ಇಳಿಕೆ ಇನ್ನೊಂದು ಗುಂಪಿನದಕ್ಕಿಂತ ಹೆಚ್ಚಿದೆಯಾ ನೋಡಿ. ಹೆಚ್ಚಿದ್ದರೆ ಎರಡೂ ಲೆಕ್ಕದಲ್ಲಿ ಅಂತರ ಕುಗ್ಗುತ್ತದೆ. 80 ಇದ್ದದ್ದು 36, 40 ಇದ್ದದ್ದು 20 ಆಯಿತು ಅನ್ನಿ. ಕಳೆದರೆ 16, ಭಾಗಿಸಿದರೆ 1.8. ಎರಡೂ ಇಳಿದವು.

ಅನುಕೂಲ ಇದ್ದವರೇ ಮೊದಲು ಲಾಭ ಪಡೆಯುವುದು ಯಾಕೆ? ಬ್ರಿಟಿಷ್ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ಹೇಳಿದ್ದರು: ಒಳ್ಳೆಯ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ದಿನಗೂಲಿಯವರು ಕೆಲಸದ ಹೊತ್ತಿನಲ್ಲಿ ಶಿಬಿರಕ್ಕೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಉಚಿತ ಅಂತ ಬೋರ್ಡ್ ಹಾಕಿದರೂ ಅವರ ಪಾಲಿಗೆ ಅದು ಉಚಿತವಲ್ಲ. ಇದು ಯೋಜನೆ ಬರೆಯುವವರಿಗೆ ಹೊಳೆಯುವುದಿಲ್ಲ, ಅಲ್ಲಿ ಬದುಕುವವರಿಗೆ ಮೊದಲೇ ಗೊತ್ತಿರುತ್ತದೆ. ಸಮುದಾಯವನ್ನು ಶುರುವಿನಲ್ಲೇ ಕೂರಿಸಿಕೊಳ್ಳಬೇಕು ಅನ್ನುವುದು ಇದಕ್ಕೇ.

ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳ ಅಧ್ಯಯನ ನನಗೆ ಇದನ್ನು ಚೆನ್ನಾಗಿ ಅರ್ಥ ಮಾಡಿಸಿತು. 2018ರಲ್ಲಿ ಪ್ರಕಟವಾಯಿತು. 52 ಅಂಗಡಿ, ಬಿಪಿ ಹೆಚ್ಚಿದ್ದ 319 ಕಪ್ಪು ವರ್ಣೀಯ ಗಂಡಸರು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಜೀವನಶೈಲಿ ಬಗ್ಗೆ ಮಾತಾಡಿ, ಡಾಕ್ಟರ ಬಳಿ ಹೋಗಿ ಅಂತ ಹುರಿದುಂಬಿಸಿದರು. ಉಳಿದ ಅಂಗಡಿಗಳಿಗೆ ಫಾರ್ಮಸಿಸ್ಟ್ ತಾವೇ ಬಂದು, ಬಿಪಿ ನೋಡಿ, ವೈದ್ಯರ ಜೊತೆಗಿನ ಒಪ್ಪಂದದಂತೆ ಅಲ್ಲೇ ಔಷಧಿ ಬರೆದುಕೊಟ್ಟರು. ಆರು ತಿಂಗಳಲ್ಲಿ ಬಿಪಿಯ ಮೇಲಿನ ಸಂಖ್ಯೆ ಮೊದಲ ಕಡೆ ಸರಾಸರಿ 9.3 ಇಳಿಯಿತು, ಎರಡನೆಯ ಕಡೆ 27.

ಎರಡೂ ಕಡೆ ಅದೇ ನಂಬಿಕೆಯ ಕ್ಷೌರಿಕರು, ಅದೇ ಕುರ್ಚಿ. ನಾನು ಮೊದಲು ಓದಿದಾಗ "ನಂಬುವ ವ್ಯಕ್ತಿಯ ಬಾಯಲ್ಲಿ ಸಂದೇಶ ಹೇಳಿಸಿದರು" ಅಂತಷ್ಟೇ ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿದೆ. ಸಂದೇಶ ಎರಡೂ ಕಡೆ ಇತ್ತು. ದೊಡ್ಡ ವ್ಯತ್ಯಾಸ ಬಂದದ್ದು ಚಿಕಿತ್ಸೆಯೇ ಅಂಗಡಿಗೆ ಬಂದಾಗ.

ಪಾಲ್ಗೊಳ್ಳುವಿಕೆಯ ಏಣಿ ಬಗ್ಗೆ ಚಿಕ್ಕದಾಗಿ: ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ, ತೀರ್ಮಾನದಲ್ಲಿ ಜನರ ಕೈಗೆ ಎಷ್ಟು ಅಧಿಕಾರ ಸಿಗುತ್ತದೆ ಅಂತ ತೋರಿಸುವ 8 ಮೆಟ್ಟಿಲು ಹೇಳಿದರು; ಮೇಲೆ ಹೋದಷ್ಟೂ ಅಧಿಕಾರ ಹೆಚ್ಚು. ಸಭೆ ಕರೆದು ಅಭಿಪ್ರಾಯ ಕೇಳುವುದು 4ನೆಯದು ಮಾತ್ರ. ಪಾಲುದಾರಿಕೆ ಶುರುವಾಗುವುದು 6ರಲ್ಲಿ. ನಾನು ಗುರುತಿಟ್ಟುಕೊಳ್ಳಲು ಕೇಳುವ ಪ್ರಶ್ನೆ: ಜನ "ಬೇಡ" ಅಂದರೆ ಯೋಜನೆ ನಿಜವಾಗಿ ಬದಲಾಗುತ್ತದಾ?

ಕೊನೆಗೆ ಒಂದು ಲೆಕ್ಕ, ಪೆನ್ನು ಹಿಡಿದೇ ಮಾಡಿ. 60 ಮತ್ತು 90 ಇದ್ದದ್ದು 30 ಮತ್ತು 60 ಆಯಿತು. ಕಳೆದರೆ ಅಂತರ ಆಗಲೂ 30, ಈಗಲೂ 30. ಭಾಗಿಸಿದರೆ 1.5 ಇದ್ದದ್ದು 2. ಇಲ್ಲಿ ಶೇಕಡಾ ಇಳಿಕೆ ಯಾರದ್ದು ಹೆಚ್ಚು?