ಎದೆಯ ಮೇಲೆ ಕುಳಿತದ್ದು ದೆವ್ವವಲ್ಲ

ನಸುಕಿನಲ್ಲಿ ಎಚ್ಚರವಾಗುತ್ತದೆ. ತಿರುಗುವ ಫ್ಯಾನು ಕಣ್ಣಿಗೆ ಕಾಣುತ್ತಿದೆ, ಆದರೆ ಕೈಕಾಲು ಮಿಸುಕುತ್ತಿಲ್ಲ. ಕೂಗಲು ಸ್ವರ ಹೊರಡುತ್ತಿಲ್ಲ. ಎದೆಯ ಮೇಲೆ ಹೇರಿದಂಥ ಭಾರ, ಮೂಲೆಯಲ್ಲಿ ಯಾರೋ ನಿಂತ ಹಾಗೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಮಾಯ. ಹೀಗಾಯಿತೆಂದು ಮನೆಯವರಿಗೆ ಹೇಳಿದರೆ ದಿಂಬಿನಡಿಗೆ ಕಬ್ಬಿಣದ ತುಂಡು, ಕೊರಳಿಗೆ ತಾಯಿತ. ಇದನ್ನು ಕಂಡಾಗಲೆಲ್ಲ ನನಗೆ ತಳಮಳವಾಗುತ್ತದೆ. ಹೆದರಿದವರನ್ನು ಇನ್ನಷ್ಟು ಹೆದರಿಸಿ ಮಲಗಿಸುವ ಉಪಾಯವಿದು.

ಈ ಅನುಭವಕ್ಕೆ ವೈದ್ಯರು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ಇದರ ಬೇರು ಇರುವುದು ಕನಸಿನ ನಿದ್ರೆಯಲ್ಲಿ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಈ ಹಂತವನ್ನು 1953ರಲ್ಲಿ ವರದಿ ಮಾಡಿದವರು ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್. ಅಸೆರಿನ್‌ಸ್ಕಿ ತನ್ನ ಪುಟ್ಟ ಮಗನ ತಲೆಗೇ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ಕಾದು ಕುಳಿತಿದ್ದ.

ಆದರೆ ನನ್ನ ಮನಸ್ಸು ನಿಲ್ಲುವುದು ಫ್ರಾನ್ಸಿನ ಲಿಯಾನ್ ನಗರದ ನಿದ್ರಾ ವಿಜ್ಞಾನಿ ಮಿಷೆಲ್ ಜುವೆಯ ಬೆಕ್ಕುಗಳ ಬಳಿ. ಈ ಹಂತದಲ್ಲಿ ಮಿದುಳು ಎಚ್ಚರವಿದ್ದಷ್ಟೇ ಚುರುಕಾಗಿದ್ದರೂ ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗಿರುವುದನ್ನು ಆತ 1959ರ ಹೊತ್ತಿಗೆ ಗಮನಿಸಿದ್ದ. ಮುಂದೆ ಮಿದುಳಿನ ಕಾಂಡದಲ್ಲಿ ಪಾನ್ಸ್ ಎಂಬ ಭಾಗದ ಚಿಕ್ಕದೊಂದು ಜಾಗವನ್ನು ನಾಶ ಮಾಡಿ ನೋಡಿದ. ಬೆಕ್ಕುಗಳು ನಿದ್ರೆಯಲ್ಲೇ ಎದ್ದವು, ಇಲ್ಲದ ಬೇಟೆಗೆ ಹೊಂಚು ಹಾಕಿದವು, ಪಂಜ ಬೀಸಿದವು! ಕನಸು ಮೈಗೆ ಇಳಿಯದಂತೆ ಪ್ರತಿ ರಾತ್ರಿ ತಡೆಯುತ್ತಿದ್ದ ಕಾವಲು ಅಲ್ಲಿತ್ತು. ಆ ಜಾಗದಿಂದ ಹೊರಟ ಸಂಕೇತ ಬೆನ್ನುಹುರಿಗೆ ತಲುಪಿದಾಗ ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳು ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಸುಮ್ಮನಾಗಿಸುತ್ತವೆ. ಕ್ಲಚ್ ಒತ್ತಿ ಹಿಡಿದಾಗ ಎಂಜಿನ್ ಎಷ್ಟೇ ಗರ್ಜಿಸಿದರೂ ಚಕ್ರ ತಿರುಗುವುದಿಲ್ಲವಲ್ಲ, ಹಾಗೆ. ಮುಖ್ಯವಾಗಿ ಎರಡಕ್ಕೆ ವಿನಾಯಿತಿ ಇದೆ: ಕಣ್ಣಿನ ಸ್ನಾಯುಗಳಿಗೆ ಮತ್ತು ಉಸಿರಾಡಿಸುವ ವಪೆಗೆ.

ಕೆಲವೊಮ್ಮೆ ಎಚ್ಚರ ಮೊದಲು ಬಂದು, ಈ ತಡೆ ತುಸು ತಡವಾಗಿ ತೆರವಾಗುತ್ತದೆ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ರೆಗಳನ್ನು ಬೇರೆ ಬೇರೆ ಅವಸ್ಥೆಗಳೆಂದು ಎಣಿಸುತ್ತದೆ. ಇಲ್ಲಿ ಮೊದಲೆರಡು ಒಂದರೊಳಗೊಂದು ಬೆರೆತಿರುತ್ತವೆ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಇನ್ನೂ ಸಡಿಲವಾಗಿರುವುದರಿಂದ ಆಳವಾಗಿ ಉಸಿರೆಳೆಯಲು ಆಗದು. ಅದೇ ಎದೆಯ ಮೇಲಿನ ಭಾರ. ಭಯವನ್ನು ಗುರುತಿಸುವ ಅಮಿಗ್ಡಲಾ ಕನಸಿನ ನಿದ್ರೆಯಲ್ಲಿ ಬಲು ಚುರುಕು. ಅಪಾಯವಿದೆ ಎಂಬ ಭಾವ ಮೊದಲು ಹುಟ್ಟುತ್ತದೆ, ಅದಕ್ಕೊಂದು ಮುಖವನ್ನು ಮನಸ್ಸು ಹುಡುಕಿಕೊಳ್ಳುತ್ತದೆ.

ಆ ಮುಖ ಊರಿಂದೂರಿಗೆ ಬದಲಾಗುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರಿಗೆ ಅದು ಮುದುಕಿ, ನಮ್ಮಲ್ಲಿ ದೆವ್ವ. 1664ರಲ್ಲಿ ಡಚ್ ವೈದ್ಯ ವಾನ್ ಡೀಮರ್‌ಬ್ರೂಕ್ ಬರೆದಿಟ್ಟ ಪ್ರಕರಣದಲ್ಲಿ ಒಬ್ಬಳೇ ಮಹಿಳೆಯ ಮೇಲೆ ಒಮ್ಮೆ ಸೈತಾನ, ಒಮ್ಮೆ ದೊಡ್ಡ ನಾಯಿ, ಒಮ್ಮೆ ಕಳ್ಳ ಬಂದು ಬೀಳುತ್ತಿದ್ದರು! ಬರುವವರು ನಿಜವಾಗಿಯೂ ಹೊರಗಿನವರಾಗಿದ್ದರೆ ಇಷ್ಟು ವೇಷ ಏಕೆ ಬೇಕಿತ್ತು?

ನಿದ್ದೆಗೆಟ್ಟವರಲ್ಲಿ, ರಾತ್ರಿ ಪಾಳಿಯವರಲ್ಲಿ, ಅಂಗಾತ ಮಲಗಿದಾಗ ಇದು ಹೆಚ್ಚು. ಹೊತ್ತಿಗೆ ಸರಿಯಾಗಿ ಮಲಗಿ, ಮಗ್ಗುಲು ಬದಲಿಸಿದರೆ ಬಹುಪಾಲು ಜನರಿಗೆ ಅಷ್ಟೇ ಸಾಕು. ಪದೇ ಪದೇ ಆಗುತ್ತಿದ್ದು, ಹಗಲಿನಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ಅದು ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಇರಬಹುದು, ವೈದ್ಯರಿಗೆ ತೋರಿಸಲೇಬೇಕು.

ನಾನು ಹೆಚ್ಚು ಚಿಂತಿಸುವುದು ಇದಕ್ಕೆ ತೀರಾ ವಿರುದ್ಧವಾದ ತೊಂದರೆಯ ಬಗ್ಗೆ. ಜುವೆಯ ಬೆಕ್ಕುಗಳಂತೆ ಕನಸನ್ನು ಮೈಯಿಂದ ಆಡಿತೋರಿಸುವ ಮನುಷ್ಯರಿದ್ದಾರೆಂದು 1986ರಲ್ಲಿ ಅಮೆರಿಕದ ಮಿನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್ ವಿವರಿಸಿದರು. ಇವರಲ್ಲಿ ಹೆಚ್ಚಿನವರು 50 ದಾಟಿದ ಗಂಡಸರು. ನಿದ್ದೆಯಲ್ಲಿ ಒದೆಯುತ್ತಾರೆ, ಗುದ್ದುತ್ತಾರೆ. ಇವರಲ್ಲಿ ಹಲವರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಪ್ಪನಿಗೆ ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸುವ ಮನೆಯವರು ನರರೋಗ ತಜ್ಞರ ಬಳಿ ಹೋಗಬೇಕು. ರಾತ್ರಿಯ ನಿದ್ರಾ ಪರೀಕ್ಷೆಯಲ್ಲಿ ಗದ್ದಕ್ಕೆ ಅಂಟಿಸುವ ಪುಟ್ಟ ವಿದ್ಯುದ್ವಾರವೊಂದು, ಕನಸಿನ ಹೊತ್ತಿನಲ್ಲಿ ಸ್ನಾಯು ಸಡಿಲಗೊಂಡಿತೋ ಇಲ್ಲವೋ ಎಂಬುದನ್ನು ದಾಖಲಿಸುತ್ತದೆ.