‘ಮಾಕಿ’: ಒಂದು ಪೊದೆಯ ಹೆಸರು ಎಲ್ಲೆಲ್ಲಿ ಅಲೆಯಿತು

‘ಮಾಕಿ’ ಅನ್ನೋ ಫ್ರೆಂಚ್ ಪದದ ಬೆನ್ನು ಹತ್ತಿದರೆ ತಲೆ ಕೆಡುತ್ತದೆ. ಒಂದು ಕಡೆ ಗಿಡಗಂಟಿ, ಇನ್ನೊಂದು ಕಡೆ ಬಂದೂಕು ಹಿಡಿದ ಹುಡುಗರು, ಮತ್ತೊಂದು ಕಡೆ ಮೀನೂಟದ ಹೋಟೆಲ್. ಬೇರು ಮಾತ್ರ ಒಂದೇ.

ಲ್ಯಾಟಿನ್‌ನಲ್ಲಿ ‘ಮಾಕುಲಾ’ ಅಂದರೆ ಕಲೆ. ಅದರಿಂದ ಇಟಲಿಯ ‘ಮಾಕ್ಯಾ’. ಗುಡ್ಡದ ಮೈಮೇಲೆ ಕುರುಚಲು ಕಾಡು ದೂರಕ್ಕೆ ಕಲೆಯ ಹಾಗೆಯೇ ಕಾಣುತ್ತದೆ, ಅಲ್ವಾ? ಕಾರ್ಸಿಕಾ ದ್ವೀಪದ ಮೂಲಕ ಪದ ಫ್ರೆಂಚಿಗೆ ಬಂತು. ಅಲ್ಲಿನ ಪೊದೆ ಆಳೆತ್ತರ, ಒತ್ತೊತ್ತು, ಘಮಘಮ. ಸೇಡಿನ ಕೊಲೆ ಮಾಡಿದವರು ಅದರೊಳಗೆ ನುಗ್ಗಿದರೆ ಪೊಲೀಸರಿಗೆ ಸಿಗುವುದು ಕಷ್ಟ. ‘ಮಾಕಿ ಹಿಡಿದ’ ಅಂದರೆ ತಲೆಮರೆಸಿಕೊಂಡ. ನಾವು ‘ಕಾಡು ಸೇರಿದ’ ಅನ್ನುತ್ತೇವಲ್ಲ, ಥೇಟ್ ಹಾಗೇ.

ಪದದ ಹಣೆಬರಹ ಬದಲಾಗಿದ್ದು 1943ರಲ್ಲಿ. ಎರಡನೇ ಮಹಾಯುದ್ಧದ ಕಾಲ, ಫ್ರಾನ್ಸ್ ಜರ್ಮನರ ಕೈಯಲ್ಲಿತ್ತು. ಆ ಫೆಬ್ರವರಿ 16ರಂದು ಜರ್ಮನರ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಒಂದು ಕಾನೂನು ತಂದಿತು. 1920ರಿಂದ 1922ರೊಳಗೆ ಹುಟ್ಟಿದ ಹುಡುಗರು ಎರಡು ವರ್ಷ ದುಡಿಯಬೇಕು. ಬಹಳಷ್ಟು ಜನರನ್ನು ಕಳಿಸಿದ್ದು ಜರ್ಮನಿಯ ಕಾರ್ಖಾನೆಗಳಿಗೆ. ಒಪ್ಪದವರು ಮನೆ ಬಿಟ್ಟು ಬೆಟ್ಟ ಹತ್ತಿದರು. ಸುಮಾರು ಜನರಿಗೆ ಬಂದೂಕು ಹಿಡಿದೂ ಗೊತ್ತಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ಮಲಗಿದರು, ರೈತರು ಕೊಟ್ಟಿದ್ದು ತಿಂದರು. 1944ರ ಚಳಿಗಾಲದಲ್ಲಿ ಆಲ್ಪ್ಸ್‌ನ ಗ್ಲಿಯೇರ್ ಪ್ರಸ್ಥಭೂಮಿಯಲ್ಲಿ ಇಂಥ ನಾಲ್ಕುನೂರಕ್ಕೂ ಜಾಸ್ತಿ ಜನ ಸೇರಿದ್ದರು. ಸುತ್ತ ಹಿಮ. ಬ್ರಿಟಿಷ್ ವಿಮಾನಗಳು ಪ್ಯಾರಾಚೂಟಿನಲ್ಲಿ ಆಯುಧ ಇಳಿಸುವುದನ್ನೇ ಕಾಯುತ್ತಿದ್ದರು. ‘ಸ್ವತಂತ್ರವಾಗಿ ಬದುಕುವುದು, ಇಲ್ಲವೇ ಸಾಯುವುದು’ ಅನ್ನೋದು ಅವರ ಘೋಷಣೆ. ಮುಂದಾಳು ಟಾಮ್ ಮೊರೆಲ್ ಮಾರ್ಚಿನಲ್ಲಿ ಗುಂಡಿಗೆ ಬಲಿಯಾದರು. ಅದೇ ತಿಂಗಳ 26ರಂದು ಜರ್ಮನ್ ಸೇನೆ ಮೇಲೆರಗಿತು. ಆ ಹಿಮದಲ್ಲಿ ಕಾರ್ಸಿಕಾದ ಪೊದೆ ಎಲ್ಲಿಂದ ಬರಬೇಕು? ಆದರೂ ಅವರು ಮಾಕಿಯವರೇ, ‘ಮಾಕಿಸಾರ್’ಗಳೇ. ಗಿಡ ಹಿಂದೆ ಉಳಿಯಿತು, ಹೆಸರು ಬೆಟ್ಟ ಹತ್ತಿತು.

ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಅದು ಗೌರವದ ಪದ. ಹತ್ತು-ಹದಿನೈದು ವರ್ಷಕ್ಕೇ ಫ್ರೆಂಚ್ ಆಡಳಿತದಲ್ಲಿದ್ದ ಕ್ಯಾಮರೂನಿನಲ್ಲಿ ಸ್ವಾತಂತ್ರ್ಯಕ್ಕಾಗಿ ಕಾಡು ಸೇರಿದವರಿಗೂ ‘ಮಾಕಿಸಾರ್’ ಅಂದರು, ಈ ಸಲ ಬೈಗುಳವಾಗಿ. ಅವರ ನಾಯಕ ರೂಬೆನ್ ಉಮ್ ನ್ಯೋಬೆ 1958ರ ಸೆಪ್ಟೆಂಬರಿನಲ್ಲಿ ಕಾಡಿನಲ್ಲೇ ಗುಂಡೇಟಿಗೆ ಸತ್ತರು. ಅದೇ ಪದ, ಅದೇ ಕಾಡು, ಅದೇ ಬಯಕೆ.

ಐವರಿ ಕೋಸ್ಟಿನಲ್ಲಿ ಪದಕ್ಕೆ ಬೇರೆಯೇ ಬದುಕು ಸಿಕ್ಕಿತು. ಅಲ್ಲಿ ಮಾಕಿ ಅಂದರೆ ಬಯಲಲ್ಲಿ ಕುರ್ಚಿ ಹಾಕಿದ ಅಗ್ಗದ ಊಟದ ಜಾಗ. ಕೆಂಡದಲ್ಲಿ ಸುಟ್ಟ ಇಡೀ ಮೀನು, ಮೇಲೆ ಹೆಚ್ಚಿದ ಈರುಳ್ಳಿ-ಟೊಮೆಟೊ, ಪಕ್ಕದಲ್ಲಿ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿದ ಆಚೆಕೆ. ಕೈಯಲ್ಲೇ ಕಲಸಿ ತಿನ್ನುತ್ತಾರೆ.