ಮರ ಕುಯ್ಯುವ ಮೊದಲೇ ಬೊಡ್ಡೆಯ ಮಿಷನ್ ಗೊತ್ತುಮಾಡಿ

“ಮರ ಕುಯ್ಸಾಯ್ತು ಸಾ, ಬೊಡ್ಡೆ ಕೀಳ್ಸಕ್ಕೆ ಜೆಸಿಬಿ ಸಾಕಾ, ಹಿಟಾಚಿನೇ ಬೇಕಾ?” ಮದ್ದೂರು, ಪಾಂಡವಪುರ, ತಿ. ನರಸೀಪುರದ ಕಡೆಯಿಂದ ಬರುವ ವಿಚಾರಣೆಗಳು ಬಹುಪಾಲು ಹೀಗೇ ಶುರುವಾಗುತ್ತವೆ. ಕೇಳುವುದೇನೋ ಸರಿ, ಆದರೆ ಕೇಳುವ ಹೊತ್ತು ಮೀರಿರುತ್ತದೆ. ಬುಡದ ತುಂಡಿಗೇ ಹೆಚ್ಚು ಬೆಲೆ, ಹಾಗಾಗಿ ಮರದ ವ್ಯಾಪಾರಿ ನೆಲಕ್ಕೆ ಸಮವಾಗಿ ಕುಯ್ದು ಲಾರಿಗೆ ಹಾಕಿಕೊಂಡು ಹೋಗಿರುತ್ತಾನೆ. ಜಮೀನಿನಲ್ಲಿ ಉಳಿಯುವುದು ಗೇಣುದ್ದದ ಮೋಟು. ಆಗ ಯಾವ ಮಿಷನ್ ತಂದರೂ ದುಬಾರಿಯೇ.

ಬೊಡ್ಡೆಯನ್ನು ಅಗೆದು ಉರುಳಿಸುವುದಾದರೆ ಮೋಟನ್ನು ನಾಲ್ಕರಿಂದ ಐದು ಅಡಿ ಎತ್ತರ ಬಿಡಿಸಿ. ಹಲ್ಲಿನ ಚಕ್ರದಿಂದ ಬೊಡ್ಡೆಯನ್ನು ಪುಡಿಮಾಡುವ ಗ್ರೈಂಡರ್‌ನಲ್ಲಿ ಅರೆಸುವುದಾದರೆ ಎಷ್ಟು ತಗ್ಗಿಗೆ ಆಗುತ್ತದೋ ಅಷ್ಟು ತಗ್ಗಿಗೆ ಕುಯ್ಯಿಸಿ. ಇವೆರಡೂ ಒಂದಕ್ಕೊಂದು ತದ್ವಿರುದ್ಧ. ಆದ್ದರಿಂದ ಯಾವ ಮಿಷನ್ ಎಂಬುದು ಮರಕ್ಕೆ ಗರಗಸ ಇಡುವ ಮೊದಲೇ ಗೊತ್ತಾಗಬೇಕು.

ಇದನ್ನು ಬಿಡಿಸಿ ಹೇಳದೆ ವಿಧಿಯಿಲ್ಲ, ಯಾಕೆಂದರೆ ಹೇಳಿಸಿಕೊಂಡವರೂ ಮರುವರ್ಷ ಅದನ್ನೇ ಮಾಡುತ್ತಾರೆ. ಬೊಡ್ಡೆಯನ್ನು ಮೇಲಕ್ಕೆ ಎತ್ತಿ ತೆಗೆಯುವುದಲ್ಲ, ಪಕ್ಕಕ್ಕೆ ಮಗುಚಿ ತೆಗೆಯುವುದು. ನೆಲದಿಂದ ಒಂದಡಿ ಮೇಲೆ ಬಕೆಟ್ ಇಟ್ಟು ತಳ್ಳಿದಾಗ ಬುಡಕ್ಕೆ ಎಷ್ಟು ಮಗುಚುವ ಶಕ್ತಿ ಸಿಗುತ್ತದೋ, ಅದೇ ಮಿಷನ್ ಅಷ್ಟೇ ಬಲದಲ್ಲಿ ನಾಲ್ಕಡಿ ಮೇಲೆ ತಳ್ಳಿದರೆ ಅದರ ನಾಲ್ಕರಷ್ಟು ಸಿಗುತ್ತದೆ. ಹಾರೆಯನ್ನು ತುದಿಯಲ್ಲಿ ಹಿಡಿದು ಮೀಟುವುದಕ್ಕೂ ನಡುವಲ್ಲಿ ಹಿಡಿದು ಮೀಟುವುದಕ್ಕೂ ಇರುವ ವ್ಯತ್ಯಾಸವೇ ಇದು. ಮೋಟು ಎತ್ತರವಿದ್ದರೆ ಸಾಧಾರಣ ಜೆಸಿಬಿಗೂ ಬಗ್ಗುವ ಬೊಡ್ಡೆ, ನೆಲಸಮ ಕುಯ್ದ ಮೇಲೆ ಇಪ್ಪತ್ತು ಟನ್ನಿನ ಮಿಷನ್ ಕೇಳುತ್ತದೆ. ಹಿಡಿಯುವುದಕ್ಕೇ ಜಾಗವಿಲ್ಲದ ಮೇಲೆ ಸುತ್ತ ಇನ್ನೂ ಅಗಲ, ಇನ್ನೂ ಆಳ ಅಗೆಯಬೇಕು, ಗಂಟೆ ಏರುತ್ತದೆ.

“ಅಷ್ಟು ಮರ ವ್ಯಾಪಾರಿ ಬಿಡ್ತಾನಾ?” ಎನ್ನುತ್ತಾರೆ. ಬಿಡಬೇಕಾಗಿಲ್ಲ. ಬೊಡ್ಡೆ ಮಗುಚಿದ ಮೇಲೆ ಆ ನಾಲ್ಕಡಿ ತುಂಡನ್ನು ಅವನೇ ಕುಯ್ದುಕೊಂಡು ಹೋಗಲಿ. ಮುಂಗಡ ಕೊಡುವ ದಿನವೇ ಇದನ್ನು ಮಾತಾಡಿಕೊಳ್ಳಿ. ಇನ್ನು ಕೆಲವರು ನಿಂತ ಮರವನ್ನೇ ಜೆಸಿಬಿಯಲ್ಲಿ ತಳ್ಳಿಸುತ್ತಾರೆ. ತೆಂಗಿನಲ್ಲಂತೂ ಇದು ಬಹಳ. ಒಣಗಿದ ಗರಿ, ಗೊನೆ, ಕೆಲವೊಮ್ಮೆ ತಲೆಯೇ ಮುರಿದು ಕ್ಯಾಬಿನ್ ಮೇಲೆ ಬೀಳುತ್ತದೆ. ಆಪರೇಟರ್ ಕೂಡ ಯಾರದೋ ಮನೆಯ ಮಗ. ತಲೆ ಇಳಿಸಿ, ಐದಡಿ ಮೋಟು ಬಿಟ್ಟು, ಆಮೇಲೆ ತಳ್ಳಿಸಿ.

ಅಗೆಸುವುದೋ ಅರೆಸುವುದೋ ಎಂಬುದನ್ನು ಬೊಡ್ಡೆಯ ದಪ್ಪ ನೋಡಿ ತೀರ್ಮಾನಿಸುವುದಲ್ಲ, ಆ ಜಾಗದಲ್ಲಿ ಮುಂದೆ ಏನು ಬರುತ್ತದೆ ಎಂಬುದರಿಂದ. ಮನೆಯ ಪಾಯ ಬರುವುದಾದರೆ ಅಗೆಸಲೇಬೇಕು. ಅರೆದರೆ ಕೆಳಗೆ ಬೇರು ಉಳಿಯುತ್ತದೆ, ಕೊಳೆತಂತೆ ನೆಲ ಕುಸಿಯುತ್ತದೆ, ಗೆದ್ದಲಿಗೂ ಅದೇ ದಾರಿ. ಉಳುಮೆಯ ಜಮೀನಾದರೂ ಅಗೆಸುವುದೇ ಒಳ್ಳೆಯದು. ಮನೆ ಎದುರಿನ ಅಂಗಳ, ಲಾನ್, ಓಡಾಡುವ ದಾರಿ, ಕಾಂಪೌಂಡ್ ಪಕ್ಕ ಇವೆಲ್ಲ ಗ್ರೈಂಡರ್‌ನ ಜಾಗಗಳು. ಬದುವಿನ ಮೇಲಿನ ಹೊಂಗೆಯ ಬೊಡ್ಡೆ ಯಾರಿಗೂ ತೊಂದರೆ ಕೊಡದಿದ್ದರೆ ಬಿಟ್ಟುಬಿಡಿ. ಅದರ ಬೇರೇ ಬದುವಿನ ಮಣ್ಣು ಹಿಡಿದಿರುತ್ತದೆ.

ತೆಂಗಿಗೆ ಮಾತ್ರ ಬೇರೆ ಲೆಕ್ಕ. ತೆಂಗಿಗೆ ತಾಯಿಬೇರಿಲ್ಲ, ಬುಡದ ಗೆಡ್ಡೆಯಿಂದ ಸಾವಿರಾರು ಹಗ್ಗದಂಥ ಬೇರುಗಳು ಹೊರಡುತ್ತವೆ. ಆದ್ದರಿಂದ ಜೆಸಿಬಿಗೆ ಅದು ಸುಲಭದ ಕೆಲಸ. ಗ್ರೈಂಡರ್‌ಗೆ ಕಷ್ಟ: ನಾರು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಬದುಕಿರುವ ತೆಂಗಿದ್ದರೆ ಸತ್ತ ತೆಂಗಿನ ಬೊಡ್ಡೆಯನ್ನು ಕೊಳೆಯಲು ಬಿಡಬೇಡಿ. ಸುಳಿ ಕೊರೆಯುವ ರೈನೋಸರಸ್ ದುಂಬಿ ಮೊಟ್ಟೆಯಿಡುವುದು ಕೊಳೆತ ತೆಂಗಿನ ಕಾಂಡ ಮತ್ತು ತಿಪ್ಪೆಯಲ್ಲಿ. ಅಣಬೆ ರೋಗಕ್ಕೆ ಸತ್ತ ಮರವಾದರೆ ಗ್ರೈಂಡರ್ ಹತ್ತಿರಕ್ಕೂ ತರಬೇಡಿ. ರೋಗದ ಪುಡಿಯನ್ನು ತೋಟಕ್ಕೆಲ್ಲ ಹರಡಿದಂತಾಗುತ್ತದೆ. ಬೇರುಸಮೇತ ಅಗೆಸಿ ಅಲ್ಲೇ ಸುಡಿಸಿ.

ನೀಲಗಿರಿ ಹಟಮಾರಿ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪು ತೆಗೆದು ಬೇರೆ ಬೆಳೆಗೆ ಹೋಗುವವರು ನಂಜನಗೂಡು, ಹುಣಸೂರಿನ ಕಡೆ ಈಗಲೂ ಇದ್ದಾರೆ. ಹಲವು ಸಲ ಕಡಿದು ಚಿಗುರಿಸಿದ ಬೊಡ್ಡೆಯ ಬುಡದಲ್ಲಿ ದೊಡ್ಡ ಗಂಟು ಬೆಳೆದಿರುತ್ತದೆ, ಚಿಗುರು ಹೊರಡುವುದು ಅಲ್ಲಿಂದ. ಆ ಗಂಟು ಪೂರ್ತಿ ಹೋಗದಿದ್ದರೆ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಬೇವು, ಹುಣಸೆ, ಮಾವಿನ ಬೇರು ಆಳಕ್ಕೂ ಅಗಲಕ್ಕೂ ಹೋಗಿರುತ್ತದೆ. ಶ್ರೀಗಂಧದ ಬೊಡ್ಡೆ ಇದ್ದರೆ ಮಿಷನ್ ಮುಟ್ಟಿಸಬೇಡಿ. ಬೇರಿನಲ್ಲೇ ಎಣ್ಣೆಯಿರುವುದರಿಂದ ಅದನ್ನು ಬೇರುಸಹಿತ ತೆಗೆಯುವುದೇ ಕ್ರಮ, ಅರಣ್ಯ ಇಲಾಖೆಯನ್ನು ಕೇಳಿ ಮುಂದುವರಿಯಿರಿ.

ಇನ್ನು ಮಿಷನ್‌ಗಳು. ಟೈರಿನ ಮೇಲೆ ಓಡುವ ಜೆಸಿಬಿ ಸುಮಾರು ಏಳೂವರೆ ಟನ್, ಇಂಜಿನ್ 75 ಎಚ್‌ಪಿ ಆಸುಪಾಸು. ತಾನೇ ರಸ್ತೆಯಲ್ಲಿ ಬರುತ್ತದೆ, ಅದೇ ಅದರ ದೊಡ್ಡ ಅನುಕೂಲ. ತೆಂಗು, ಸಿಲ್ವರ್ ಓಕ್, ಸುಬಾಬುಲ್, ಒಂದೂವರೆಯಿಂದ ಎರಡಡಿ ಅಡ್ಡಗಲದ ಬೊಡ್ಡೆಗಳಿಗೆ ಸಾಮಾನ್ಯವಾಗಿ ಸಾಕು. ಚೈನ್ ಮೇಲೆ ಓಡುವ ಹಿಟಾಚಿ ಹಸಿ ನೆಲದಲ್ಲೂ ಹೂಳುವುದು ಕಡಿಮೆ, ಸುತ್ತ ತಿರುಗಿ ಅಗೆಯುತ್ತದೆ. ಆದರೆ ಲಾರಿಯ ಮೇಲೆ ತರಬೇಕು, ಹೋಗಿಬರುವ ಲಾರಿ ಬಾಡಿಗೆ ನಿಮ್ಮದೇ. ಒಂದೆರಡು ಬೊಡ್ಡೆಗೆ ತರಿಸಿದರೆ ಲಾರಿಗೇ ದುಡ್ಡು ಹೋಗುತ್ತದೆ. ಮೂರಡಿಗೂ ಮೀರಿದ ಹುಣಸೆ, ಮಳೆಮರದಂಥವಿದ್ದರೆ, ಅಥವಾ ಇಡೀ ತೋಪೇ ತೆಗೆಸುವುದಿದ್ದರೆ, 20 ಟನ್ ವರ್ಗದ್ದು ಲೆಕ್ಕಕ್ಕೆ ಕೂರುತ್ತದೆ. ಮೈಸೂರಿನ ಹಳೆಯ ಬಡಾವಣೆಗಳ ಓಣಿಯಂಥ ಜಾಗಕ್ಕೆ ಮೂರು ಟನ್ನಿನ ಮಿನಿ ಹಿಟಾಚಿ. ಇವು ಅಂದಾಜಿನ ಮಾತು. ಮಣ್ಣು, ಮರದ ವಯಸ್ಸು, ಆಪರೇಟರ್ ಕೈ ಮೂರೂ ಸೇರಿ ಲೆಕ್ಕ ಬದಲಾಗುತ್ತದೆ.

ಗ್ರೈಂಡರ್ ಸಾಮಾನ್ಯವಾಗಿ ನೆಲದ ಕೆಳಗೆ ಎಂಟರಿಂದ ಹನ್ನೆರಡು ಇಂಚಿನವರೆಗೆ ಅರೆಯುತ್ತದೆ. ಬಾಡಿಗೆಗೆ ತರುವಾಗ ಚಕ್ರದ ಹಲ್ಲುಗಳನ್ನು ಕಣ್ಣಾರೆ ನೋಡಿ. ತುದಿ ದುಂಡಗಾಗಿದ್ದರೆ ಅರ್ಧ ದಿನದ ಕೆಲಸ ಇಡೀ ದಿನ ಹಿಡಿಯುತ್ತದೆ. ಬುಡದ ಸುತ್ತ ಕಲ್ಲು, ಮರದೊಳಗೆ ಹೂತುಹೋದ ಮುಳ್ಳುತಂತಿ, ಮೊಳೆ ಇದ್ದರೆ ಮೊದಲೇ ತೆಗೆಸಿ, ಹಲ್ಲು ಮುರಿದರೆ ಬೆಲೆ ಬಾಡಿಗೆದಾರನ ತಲೆಗೆ. ಟ್ರ್ಯಾಕ್ಟರ್‌ಗೆ ಜೋಡಿಸುವ ಗ್ರೈಂಡರ್ ಆದರೆ ಅದು ಕೇಳುವ ಪಿಟಿಒ (ಟ್ರ್ಯಾಕ್ಟರ್ ಹಿಂದಿನ ತಿರುಗುವ ಶಾಫ್ಟ್) ವೇಗ, ಎಚ್‌ಪಿ ನಿಮ್ಮ ಟ್ರ್ಯಾಕ್ಟರ್‌ಗೆ ಹೊಂದುತ್ತದೆಯೇ ಕೇಳಿಕೊಳ್ಳಿ. ಅರೆದ ಹಸಿ ಹೊಟ್ಟನ್ನು ಅದೇ ಗುಂಡಿಗೆ ತುಂಬಿ ಗಿಡ ನೆಡಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುತ್ತದೆ.

ಮನೆಯ ಟ್ರ್ಯಾಕ್ಟರ್‌ಗೇ ಚೈನ್ ಕಟ್ಟಿ ಎಳೆಯುವುದನ್ನು ಬಿಟ್ಟುಬಿಡಿ, ಕೈಮುಗಿದು ಕೇಳುವುದು. ಬೊಡ್ಡೆ ಜಗ್ಗದೆ ಚಕ್ರ ಕಚ್ಚಿಕೊಂಡಾಗ ಮುಂಭಾಗ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಚೈನನ್ನು ಡ್ರಾಬಾರ್‌ಗಿಂತ (ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿ) ಮೇಲೆ ಕಟ್ಟಿದ್ದರೆ ಇನ್ನೂ ಬೇಗ. ಕ್ಲಚ್ ಒತ್ತುವಷ್ಟೂ ಸಮಯ ಸಿಗುವುದಿಲ್ಲ. ಚೈನ್ ಅಥವಾ ವೈರ್ ರೋಪ್ ಕಿತ್ತು ಚಿಮ್ಮಿದರೆ ಸುತ್ತ ನಿಂತು ನೋಡುವವರ ಗತಿ ಹೇಳಲಾಗದು. ಉಪ್ಪು ಸುರಿದು ಕೊಲ್ಲುವ ಉಪಾಯ ಮಣ್ಣನ್ನೂ ಕೊಲ್ಲುತ್ತದೆ.

ಜೆಸಿಬಿ ಬಂದ ದಿನ ನಿಂತು ಕೆಲಸ ಮಾಡಿಸಿ. ಒಂದಡಿಯ ಕಿರಿದಾದ ಬಕೆಟ್ ಹಾಕಿಕೊಂಡು ಬರಲು ಮೊದಲೇ ಹೇಳಿ. ಅಗಲ ಬಕೆಟ್ ಮಣ್ಣು ತೆಗೆಯುತ್ತದೆಯೇ ಹೊರತು ಬೇರು ಕತ್ತರಿಸುವುದಿಲ್ಲ. ಜಾಕ್ ಊರಿಸಿ, ಬೊಡ್ಡೆಯ ಅಂಚಿನಿಂದ ಎರಡು-ಮೂರು ಅಡಿ ಬಿಟ್ಟು ಮೂರು ಬದಿಗೆ ಎರಡೂವರೆ ಅಡಿ ಆಳದ ಕಾಲುವೆ ತೆಗೆಸಿ. ಸಿಕ್ಕ ಬೇರನ್ನೆಲ್ಲ ಬಕೆಟ್ ಹಲ್ಲಿನಿಂದ ಒಂದೊಂದಾಗಿ ಕತ್ತರಿಸಲಿ. ನಾಲ್ಕನೆಯ ಬದಿಯನ್ನು ಹಾಗೇ ಬಿಟ್ಟು, ಮೋಟಿನ ತಲೆಯ ಹತ್ತಿರ ತಳ್ಳಿದರೆ ಬೊಡ್ಡೆ ಆ ಕಡೆಗೆ ಮಲಗುತ್ತದೆ. ಆಮೇಲೆ ಉಳಿದ ಬೇರು. ಬೊಡ್ಡೆಯ ಅಡಿಗೆ ಮುಂದಿನ ಬಕೆಟ್ ತೂರಿಸಿ ಎತ್ತಲು ಹೊರಟರೆ ಹಿಂದಿನ ಚಕ್ರ ಮೇಲೇಳುತ್ತದೆ, ಹೋಸ್ ಒಡೆಯುತ್ತದೆ, ಅರ್ಧ ದಿನ ಹೋಗುತ್ತದೆ. ಗೋಡೆ ಪಕ್ಕದ ಬೊಡ್ಡೆಯಾದರೆ ಗೋಡೆ ಕಡೆಯ ಬೇರನ್ನು ಮೊದಲು ಕೈಯಿಂದ ಕಡಿಸಿ, ಇಲ್ಲದಿದ್ದರೆ ಮಗುಚುವ ಬೊಡ್ಡೆ ಪಾಯವನ್ನೂ ಎಳೆಯುತ್ತದೆ. ಬೋರ್‌ವೆಲ್ ಕೇಬಲ್, ಡ್ರಿಪ್ ಪೈಪು, ಒಳಚರಂಡಿ ಎಲ್ಲಿ ಹಾದುಹೋಗಿವೆ ಎಂದು ಸುಣ್ಣದಲ್ಲಿ ಗೆರೆ ಎಳೆದು ತೋರಿಸಿ.

ನಾಲೆ ಬಯಲಿನಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ನಿಂತು ಗದ್ದೆ ಆರಿದ ಮೇಲೆ ಮಾಡಿಸಿ, ಹಸಿಯಲ್ಲಿ ಟೈರ್ ಗಾಡಿ ಹೂತರೆ ಅದನ್ನೆತ್ತಲು ಇನ್ನೊಂದು ಗಾಡಿ ಬೇಕು. ನಾಗಮಂಗಲದ ಕಡೆಯ ಕೆಂಪು ಹೊಲ ಬೇಸಗೆಯಲ್ಲಿ ಕಲ್ಲಾಗಿರುತ್ತದೆ. ಎರಡು ದಿನ ಮುಂಚೆ ಬುಡದ ಸುತ್ತ ನೀರು ಬಿಟ್ಟು ನೆನೆಸಿದರೆ ಕೆಲಸ ಹಗುರ.

ಬಾಡಿಗೆ ಮಾತಾಡುವಾಗ ಗಂಟೆಗೆ ಎಷ್ಟು ಎಂದಷ್ಟೇ ಕೇಳಬೇಡಿ. ಕನಿಷ್ಠ ಎಷ್ಟು ಗಂಟೆ, ಬರುವ ಹೋಗುವ ಹೊತ್ತು ಲೆಕ್ಕಕ್ಕಿದೆಯೇ, ಡೀಸೆಲ್ ಯಾರದು, ಆಪರೇಟರ್ ಬಾಟಾ ಸೇರಿದೆಯೇ, ಗುಂಡಿ ಮುಚ್ಚುವುದು ಸೇರಿದೆಯೇ. ಕೆಲಸ ಶುರುವಾಗುವ ಮುಂಚೆ ಮಿಷನ್ ಓಡಿದ ಗಂಟೆ ತೋರಿಸುವ ಅವರ್ ಮೀಟರ್‌ನ ಫೋಟೊ ತೆಗೆದುಕೊಳ್ಳಿ. ಎಲ್ಲ ಕೂಡಿಸಿ ಬೊಡ್ಡೆಯೊಂದಕ್ಕೆ ಎಷ್ಟು ಬಿತ್ತು ಎಂದು ನೋಡಿದರೆ, ಗಂಟೆ ಬಾಡಿಗೆ ಹೆಚ್ಚಿರುವ ಮಿಷನ್ನೇ ಅಗ್ಗವೆನಿಸುವುದುಂಟು. ಕಿತ್ತ ಬೊಡ್ಡೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮೊದಲೇ ಮಾತಾಡಿ. ಮಣ್ಣು ಕಚ್ಚಿದ ಬೊಡ್ಡೆಯನ್ನು ಸೌದೆಗೆ ಕೊಳ್ಳುವವರು ಕಡಿಮೆ. ಬಕೆಟ್‌ನಲ್ಲೇ ಕುಟ್ಟಿ ಮಣ್ಣು ಉದುರಿಸಿ, ಕೆಲವು ವಾರ ಒಣಗಲು ಬಿಡಿ.

ಗುಂಡಿ ಮುಚ್ಚುವುದನ್ನು ಜನ ತೀರಾ ಹಗುರವಾಗಿ ನೋಡುತ್ತಾರೆ. ಅಗೆಯುವಾಗಲೇ ಮೇಲ್ಮಣ್ಣನ್ನು ಒಂದು ಕಡೆ, ಅಡಿಮಣ್ಣನ್ನು ಇನ್ನೊಂದು ಕಡೆ ಹಾಕಿಸಿ. ಅಡಿಮಣ್ಣು ಮೊದಲು, ಮುಕ್ಕಾಲಡಿ ಹಾಕಿದಂತೆಲ್ಲ ಬಕೆಟ್‌ನಿಂದ ಒತ್ತಿಸುತ್ತ ಬನ್ನಿ. ಮೇಲೆ ಗೇಣುದ್ದ ದಿಬ್ಬ ಬಿಡಿ, ಮಳೆಗೆ ಇಳಿಯುತ್ತದೆ. ಭತ್ತದ ಗದ್ದೆಯಲ್ಲಿ ಬೊಡ್ಡೆ ಕಿತ್ತ ಜಾಗದಲ್ಲಿ ತಳದ ಗಟ್ಟಿ ಪದರ ಒಡೆದಿರುತ್ತದೆ. ಜೇಡಿ ಮಣ್ಣು ಹಾಕಿ ನೀರು ಬಿಟ್ಟು ಚೆನ್ನಾಗಿ ತುಳಿಸದಿದ್ದರೆ ನಾಟಿ ಮಾಡಿದ ಮೇಲೂ ನೀರು ಅಲ್ಲಿಂದಲೇ ಬಸಿಯುತ್ತದೆ. ಪಾಯ ಬರುವ ಜಾಗದಲ್ಲಿ ತುಂಬಿದ ಮಣ್ಣಿನ ಮೇಲೆ ಕಟ್ಟಬೇಡಿ, ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕೋ ಬೇಡವೋ ನಿಮ್ಮ ಎಂಜಿನಿಯರ್ ಹೇಳಲಿ. ಉಳುಮೆಯ ಜಮೀನಾದರೆ ಮೊದಲು ಕಲ್ಟಿವೇಟರ್ ಹೊಡೆಸಿ, ಮೇಲೆ ಬಂದ ಬೇರಿನ ತುಂಡುಗಳನ್ನು ಆರಿಸಿ ಹಾಕಿ, ಆಮೇಲಷ್ಟೇ ರೋಟಾವೇಟರ್ ಇಳಿಸಿ.